ಗುರುವಾರದ ಹಾಸಿಗೆ

ನನ್ನ ಸೊಸೆ ಬಸ್ ಡಿಪೋದಲ್ಲಿ ಡ್ಯೂಟಿ ಹಾಕುವವಳು. ಯಾವ ಡ್ರೈವರು ಯಾವ ಬಸ್ಸು ಓಡಿಸಬೇಕು, ಯಾವ ಕಂಡಕ್ಟರು ಯಾರ ಜೊತೆ ಹತ್ತಬೇಕು, ಯಾರಿಗೆ ಯಾವತ್ತು ರಜೆ, ಎಲ್ಲವೂ ಅವಳ ಕೈಯಲ್ಲಿ. ಬಸ್ಸು ಕೆಟ್ಟು ನಿಂತ ದಿನ ಯಾವ ಟ್ರಿಪ್ಪು ಕತ್ತರಿಸಬೇಕು ಎಂದು ಹೇಳುವವಳೂ ಅವಳೇ. ಅದಕ್ಕೇ ಡಿಪೋದಲ್ಲಿ ಅವಳಿಗೆ ಕತ್ತರಿ ಎಂದು ಅಡ್ಡಹೆಸರು. ಎದುರಿಗೆ ಮೇಡಂ, ಬೆನ್ನ ಹಿಂದೆ ಕತ್ತರಿ. ಅದು ಅವಳಿಗೆ ಗೊತ್ತು, ಒಳಗೊಳಗೇ ಹೆಮ್ಮೆಯೂ ಇದೆ. ಸಿಟ್ಟು ಬಂದಾಗ ನಾನೂ ಹಾಗೇ ಕರೆಯುತ್ತೇನೆ, ನಾನು ಮಾತ್ರ ಎದುರಿಗೇ.

ನಾನು ಸೌಟು ಹಿಡಿದು ಬದುಕಿದವಳು. ಕಾರ್ಖಾನೆಯ ಕ್ಯಾಂಟೀನಿನಲ್ಲಿ ಪಾಳಿಯ ಮೇಲೆ ಪಾಳಿ ಜನಕ್ಕೆ ಬಡಿಸಿ, ಇದ್ದೊಬ್ಬ ಮಗನನ್ನು ದಡ ಸೇರಿಸಿ, ಈಗ ಮೊಣಕಾಲು ನೀವಿಕೊಂಡು ಮನೆಯಲ್ಲಿದ್ದೇನೆ. ಕಾಲು ಕೂತಿದೆ, ಬಾಯಿ ಇನ್ನೂ ಕೂತಿಲ್ಲ. ಮಗ ಫ್ರಿಜ್ ರಿಪೇರಿ ಮಾಡುತ್ತಾನೆ. ಅವನ ಬಾಯಿಂದ ಒಂದು ಮಾತು ಹೊರಡಿಸುವುದಕ್ಕಿಂತ ಸತ್ತ ಫ್ರಿಜ್ಜಿನಿಂದ ಐಸು ತೆಗೆಯುವುದು ಸುಲಭ. ಮಾತು ಕಮ್ಮಿ ಅಂದಮಾತ್ರಕ್ಕೆ ಬುದ್ಧಿ ಕಮ್ಮಿ ಅಂತಲ್ಲ, ಅದು ಮುಂದೆ ತಿಳಿಯುತ್ತದೆ.

ಮದುವೆಯಾದ ಹೊಸದರಲ್ಲಿ ಸೊಸೆಗೆ ಒಂದು ಬಸಿರು ನಿಂತಿದ್ದು ಐದನೇ ತಿಂಗಳಲ್ಲಿ ಹೋಯಿತು. ಆಮೇಲೆ ವರ್ಷಗಳು ಹೋದವು, ಏನೂ ಇಲ್ಲ. ಆ ವಿಷಯವನ್ನು ನಮ್ಮ ಮನೆಯಲ್ಲಿ ಯಾರೂ ಎತ್ತುವುದಿಲ್ಲ. ನೆಂಟರು ಯಾರಾದರೂ ಎತ್ತಿದರೆ ನಾನು ಅವರ ಊಟದ ತಟ್ಟೆ ಎತ್ತಿಬಿಡುತ್ತೇನೆ. ಈಗ ಮತ್ತೆ ನಿಂತಿತ್ತು, ಎಂಟು ದಾಟಿ ಒಂಬತ್ತಕ್ಕೆ ಬಿದ್ದಿತ್ತು. ಈ ಮಗು ಬದುಕಿ ನಮ್ಮ ಕೈಗೆ ಬರಬೇಕು. ನಮ್ಮ ಮೂವರಿಗೂ ಅದನ್ನು ಬಿಟ್ಟು ಬೇರೆ ಆಸೆ ಇರಲಿಲ್ಲ.

ಆ ಸೋಮವಾರ ತಪಾಸಣೆಗೆ ಸೊಸೆಯ ಜೊತೆ ನಾನೇ ಹೋಗಿದ್ದೆ. ಡಾಕ್ಟರಮ್ಮ ಕುಳ್ಳಗಿದ್ದರು, ತೆಳ್ಳಗಿದ್ದರು, ಮಾತು ಚುಚ್ಚುವ ಹಾಗಿತ್ತು. ಮೊದಲ ದಿನವೇ ನಾನು ಅವರಿಗೆ ಗುಂಡುಪಿನ್ನು ಎಂದು ಹೆಸರಿಟ್ಟಿದ್ದೆ. ಅವರು ಸ್ಕ್ಯಾನಿನ ಹಾಳೆ ನೋಡಿದರು, ಸೊಸೆಯ ತೋಳಿಗೆ ಪಟ್ಟಿ ಕಟ್ಟಿ ಬಿ.ಪಿ. ನೋಡಿದರು, ಇನ್ನೊಂದು ತೋಳಿಗೂ ಕಟ್ಟಿ ನೋಡಿದರು.

"ಬಿ.ಪಿ. ಏರ್ತಾ ಇದೆ. ಮಗು ಬೆಳವಣಿಗೆನೂ ನಿಧಾನ ಆಗಿದೆ. ನೋವು ತಾನಾಗೇ ಬರ್ಲಿ ಅಂತ ಕಾಯೋದು ಬೇಡ. ಗುರುವಾರ ಬೆಳಿಗ್ಗೆ ಅಡ್ಮಿಟ್ ಆಗಿ, ನಾವೇ ನೋವು ಬರಿಸೋಣ" ಎಂದರು.

ನನಗೆ ಮೈ ಉರಿಯಿತು. "ಹಣ್ಣು ತಾನಾಗೇ ಕಳಚ್ಕೋಬೇಕು ಡಾಕ್ಟ್ರೇ, ಕಿತ್ರೆ ಕಾಯಿನೇ ಸಿಗೋದು. ನಾನು ಹೆತ್ತಾಗ ಯಾರೂ ತಾರೀಖು ಕೊಟ್ಟಿರ್ಲಿಲ್ಲ. ಇವಳ ಗಂಡ ಅವನಿಗೆ ಮನಸ್ಸು ಬಂದಾಗ ಬಂದ."

"ಬೆಳೆದಿರೋ ಕಾಯಿನೇ ಅಮ್ಮ, ಹೊರಗೆ ಇಟ್ರೆ ಚೆನ್ನಾಗೇ ಹಣ್ಣಾಗತ್ತೆ" ಎಂದು ಗುಂಡುಪಿನ್ನು ನಕ್ಕು, ನನ್ನನ್ನು ಅಲ್ಲಿಗೇ ಬಿಟ್ಟು ಸೊಸೆಯ ಕಡೆ ತಿರುಗಿದರು.

ಸೊಸೆ ಡಿಪೋದವಳಲ್ಲವೇ, ಹೆದರುವ ಮೊದಲು ವಿಚಾರಿಸಿದಳು. ಏನು ಕೊಡ್ತೀರಿ, ಎಷ್ಟು ಹೊತ್ತಾಗಬಹುದು, ಅದಕ್ಕೂ ಬಗ್ಗದಿದ್ದರೆ ಮುಂದೇನು. ಡಾಕ್ಟರಮ್ಮ ಬಿಡಿಸಿ ಹೇಳಿದರು. ಮೊದಲು ಮಾತ್ರೆ, ಆಮೇಲೆ ಬೇಕಾದರೆ ಡ್ರಿಪ್ಪು. ಕೆಲವರಿಗೆ ಬೇಗ ಶುರುವಾಗುತ್ತದೆ, ಕೆಲವರಿಗೆ ಒಂದೆರಡು ದಿನವೇ ಹಿಡಿಯುತ್ತದೆ. ಮಗು ಸುಸ್ತಾದರೆ ಆಪರೇಷನ್ನು. ಬುಧವಾರ ಸಂಜೆ ಒಮ್ಮೆ ಬಂದು ಬಿ.ಪಿ. ತೋರಿಸಬೇಕು, ತಲೆನೋವು ಬಂದರೆ, ಕಣ್ಣು ಮಂಜಾದರೆ, ಮಗು ಒದೆಯುವುದು ಕಮ್ಮಿಯಾದರೆ ಆ ಕ್ಷಣವೇ ಬರಬೇಕು. ಸೊಸೆ ಎಲ್ಲಕ್ಕೂ ತಲೆಯಾಡಿಸಿದಳು. ಆದರೆ ಅವಳ ಮುಖ ಗಂಟಿಕ್ಕಿಕೊಂಡಿತ್ತು.

ಹೊರಗೆ ಬಂದು ಬೆಂಚಿನ ಮೇಲೆ ಕೂತ ಮೇಲೆ ವಿಷಯ ಹೊರಬಿತ್ತು. ಭಾನುವಾರದಿಂದ ಡಿಪೋದಲ್ಲಿ ಹೊಸ ಟೈಮ್‌ಟೇಬಲ್ಲು. ಅದನ್ನು ತಿಂಗಳುಗಟ್ಟಲೆ ಕೂತು ಮಾಡಿದವಳು ಇವಳು. ಇವಳ ಜಾಗಕ್ಕೆ ಬೇರೆ ಡಿಪೋದಿಂದ ಒಬ್ಬ ಗುಮಾಸ್ತ ಬರುವುದೇ ಶುಕ್ರವಾರ.

"ಅವನಿಗೆ ಎರಡು ದಿನ ಪಕ್ಕದಲ್ಲಿ ಕೂತು ಹೇಳ್ಕೊಡದೇ ಹೋದ್ರೆ ಭಾನುವಾರ ಒಂದು ಬಸ್ಸೂ ಗೇಟು ದಾಟಲ್ಲ ಅತ್ತೆ. ಈ ಗುರುವಾರ ಒಂದು ಸೋಮವಾರ ಆಗಿದ್ರೆ!"

ಪಕ್ಕದಲ್ಲಿ ಇನ್ನೊಬ್ಬ ಬಸುರಿ ಕೂತು ಕಣ್ಣು ಒರೆಸಿಕೊಳ್ಳುತ್ತಿದ್ದಳು. ಸ್ಕೂಲಿನಲ್ಲಿ ಸಂಗೀತದ ಟೀಚರಂತೆ. ಅಳುವಾಗಲೂ ಅವಳ ಮೂಗು ಶ್ರುತಿ ತಪ್ಪುತ್ತಿರಲಿಲ್ಲ. ಅವಳಿಗೆ ಬಸಿರಿನಲ್ಲಿ ಸಕ್ಕರೆ ಅಂಶ ಬಂದಿತ್ತು, ಪಥ್ಯದಲ್ಲಿ ಹಿಡಿತಕ್ಕೆ ಸಿಕ್ಕಿತ್ತು, ಅವಳಿಗೂ ನೋವು ಬರಿಸುವುದೆಂದು ಡಾಕ್ಟರಮ್ಮ ಮುಂದಿನ ಸೋಮವಾರ ಕೊಟ್ಟಿದ್ದರು. ಗಂಡ ಹಡಗಿನಲ್ಲಿ ಕೆಲಸ ಮಾಡುವವನು, ಭಾನುವಾರ ಹಡಗು ಹತ್ತಲೇಬೇಕು. "ಒಂದು ನಾಲ್ಕು ದಿನ ಮುಂಚೆ ಆಗಿದ್ರೆ ಅವ್ರು ಮಗು ಮುಖ ನೋಡ್ಕೊಂಡು ಹೋಗ್ತಿದ್ರು" ಎಂದಳು.

ಸೊಸೆಯ ಕಣ್ಣು ಮಿನುಗಿದ್ದನ್ನು ನಾನು ನೋಡಿದೆ. ಡಿಪೋದಲ್ಲಿ ಒಂದು ಪದ್ಧತಿ ಇದೆ. ಇಬ್ಬರು ಡ್ರೈವರುಗಳು ತಮ್ಮತಮ್ಮಲ್ಲೇ ಒಪ್ಪಿಕೊಂಡರೆ ಡ್ಯೂಟಿ ಅದಲು ಬದಲು ಮಾಡಿಕೊಳ್ಳಬಹುದು. ನಿನ್ನ ಬೆಳಗಿನದು ನನಗೆ, ನನ್ನ ಸಂಜೆಯದು ನಿನಗೆ. ಬಸ್ಸು ಹೊರಟರೆ ಸಾಕು, ಯಾರು ಓಡಿಸಿದರೆ ಏನು? ಹನ್ನೆರಡು ವರ್ಷ ದಿನಬೆಳಗಾದರೆ ಇಂಥ ಒಪ್ಪಂದಗಳನ್ನು ಮಾಡಿಸಿದ ಕೈ ಸುಮ್ಮನಿರುತ್ತದೆಯೇ?

"ನನ್ನ ಗುರುವಾರ ನೀವು ತಗೊಳ್ಳಿ, ನಿಮ್ಮ ಸೋಮವಾರ ನನಗೆ ಕೊಡಿ. ಬುಧವಾರ ಹೇಗೂ ಬರ್ತೀನಿ, ಡಾಕ್ಟ್ರಿಗೆ ನಾನೇ ಹೇಳ್ತೀನಿ" ಎಂದಳು ಸೊಸೆ.

ಟೀಚರು ಅಳು ನಿಲ್ಲಿಸಿದಳು. "ಹಾಗೆ ಮಾಡ್ಬಹುದಾ?"

"ಇಬ್ರೂ ಒಪ್ಪಿದ್ರೆ ಯಾರಿಗೇನು ತೊಂದ್ರೆ?"

ನನ್ನನ್ನು ಕೇಳಿದ್ದರೆ ನಾನೂ ಹೌದೆನ್ನುತ್ತಿದ್ದೆ. ಹಣ್ಣಿಗೆ ನಾಲ್ಕು ದಿನ ಹೆಚ್ಚಿಗೆ ಸಿಕ್ಕಿತಲ್ಲ ಎಂದು ನನಗೆ ಖುಷಿ. ಇಬ್ಬರೂ ಕೈ ಕುಲುಕಲು ಹೋದರು. ಒಬ್ಬರ ಹೊಟ್ಟೆಗೆ ಇನ್ನೊಬ್ಬರ ಹೊಟ್ಟೆ ಅಡ್ಡ ಬಂದು ಕೈ ಎಟುಕಲಿಲ್ಲ, ನಾನೇ ನಡುವೆ ನಿಂತು ಕೈ ಸೇರಿಸಿದೆ.

ಮನೆಗೆ ಬಂದು ಮಗನಿಗೆ ಹೇಳಿದೆವು. ಅವನು ಒಂದು ಹಳೇ ಕಂಪ್ರೆಸರು ಬಿಚ್ಚಿಕೊಂಡು ಕೂತಿದ್ದ. ತಲೆ ಎತ್ತದೆ ಪೂರ್ತಿ ಕೇಳಿದ.

"ಪಕ್ಕದ ಮನೆ ಫ್ರಿಜ್ ಕೆಟ್ಟಿದೆ ಅಂತ ಕರೀತಾರೆ. ನಾನು ಹೋಗಿ ಎದುರುಮನೆ ಫ್ರಿಜ್ ರಿಪೇರಿ ಮಾಡಿ ಬಂದ್ರೆ ಆಗತ್ತಾ?" ಎಂದ.

"ನಿಮಗೆ ಎಲ್ಲಾದ್ರಲ್ಲೂ ಫ್ರಿಜ್ಜೇ!" ಎಂದು ಸೊಸೆ ರೇಗಿ ಒಳಗೆ ಹೋದಳು. ನಾನೂ ಅವಳ ಬೆನ್ನಿಗೆ ನಿಂತು ಅವನ ಕಿವಿ ಹಿಂಡಿದೆ. ಅತ್ತೆ ಸೊಸೆ ಒಂದಾದರೆ ಗಂಡಸಿಗೆ ಮನೆಯಲ್ಲಿ ಉಳಿಗಾಲವಿಲ್ಲ. ಅವನು ಕಂಪ್ರೆಸರಿನ ಜೊತೆ ಮಾತು ಮುಂದುವರಿಸಿದ.

ಬುಧವಾರ ಸಂಜೆ ಗುಂಡುಪಿನ್ನು ಬಿ.ಪಿ. ನೋಡಿ, "ಇನ್ನೂ ಸ್ವಲ್ಪ ಏರಿದೆ. ಪರವಾಗಿಲ್ಲ, ನಾಳೆ ಬೆಳಿಗ್ಗೆ ಬರ್ತೀರಲ್ಲ" ಎಂದರು.

"ನಾಳೆ ಅಲ್ಲ ಮೇಡಂ, ಸೋಮವಾರ. ಅದಲು ಬದಲು ಮಾಡ್ಕೊಂಡಿದೀನಿ" ಎಂದಳು ಸೊಸೆ, ಡಿಪೋದಲ್ಲಿ ಹೇಳುವಷ್ಟೇ ಸಲೀಸಾಗಿ.

"ಏನನ್ನ?"

"ತಾರೀಖನ್ನ."

"ಯಾರ ಜೊತೆ?"

"ಒಬ್ರು ಸಂಗೀತದ ಟೀಚರು. ಹೆಸರು ಕೇಳ್ಲಿಲ್ಲ."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. ನಗುತ್ತಾರೆ ಅಂದುಕೊಂಡೆ. ನಗಲಿಲ್ಲ. ಎದ್ದು ಬಂದು ಸೊಸೆಯನ್ನು ಮಂಚದ ಮೇಲೆ ಮಲಗಿಸಿ, ಹೊಟ್ಟೆಯ ಮೇಲೆ ಯಂತ್ರದ ಮೂತಿ ಇಟ್ಟರು. ಕೋಣೆಯ ತುಂಬಾ ಮಗುವಿನ ಎದೆ ಬಡಿತ ಕೇಳಿತು, ಓಡುವ ಕುದುರೆಯ ಹಾಗೆ.

"ಕೇಳಿಸ್ತಾ? ಗುರುವಾರ ಅನ್ನೋದು ಹಾಸಿಗೆ ಖಾಲಿ ಇದೆ ಅಂತ ಕೊಟ್ಟಿದ್ದಲ್ಲಮ್ಮ. ಈ ಮಗುಗೆ ಅಂತ ಕೊಟ್ಟಿದ್ದು. ಆ ಟೀಚರ್ ಮಗು ಒಳಗೆ ದಷ್ಟಪುಷ್ಟವಾಗಿದೆ, ಸೋಮವಾರದ ತನಕ ಆರಾಮಾಗಿರತ್ತೆ. ನಿಮ್ಮ ಮಗುಗೆ ಮಾಸಿನಿಂದ ಊಟ ಸರಿಯಾಗಿ ಹೋಗ್ತಿಲ್ಲ. ಅದಕ್ಕೇ ಬೆಳೀತಿಲ್ಲ. ಹೊರಗೆ ಬಂದ್ರೆ ನೀವು ಹಾಲು ಕೊಡಬಹುದು, ಒಳಗಿದ್ರೆ ನಾನೂ ಕೊಡೋಕಾಗಲ್ಲ, ನೀವೂ ಕೊಡೋಕಾಗಲ್ಲ."

ಸೊಸೆ ಎರಡೂ ಕೈಯಿಂದ ಹೊಟ್ಟೆ ಹಿಡಿದುಕೊಂಡಳು.

ಮಾತು ಹೊರಟಿದ್ದು ನನ್ನ ಬಾಯಿಂದ. ನನಗೆ ಬಿ.ಪಿ. ಅರ್ಥವಾಗುವುದಿಲ್ಲ, ಸ್ಕ್ಯಾನು ಅರ್ಥವಾಗುವುದಿಲ್ಲ. ಹಸಿವು ಅರ್ಥವಾಗುತ್ತದೆ. ಕ್ಯಾಂಟೀನಿನಲ್ಲಿ ಕೊನೆಯ ಪಾಳಿಯವನು ತಡವಾಗಿ ಬಂದರೂ ಅವನಿಗೆ ಬಿಸಿಯಾಗಿ ಬಡಿಸಿ ಆಮೇಲೆ ಒಲೆ ಆರಿಸುತ್ತಿದ್ದವಳು ನಾನು. "ನನ್ನ ಮನೆ ಮಗು ಉಪವಾಸ ಇದೆಯಾ?" ಎಂದು ಕೂಗಿದೆ. "ಇದನ್ನ ಸೋಮವಾರನೇ ಯಾಕ್ರೀ ಹೇಳ್ಲಿಲ್ಲ? ಬೆಳವಣಿಗೆ ಗಿಳವಣಿಗೆ ಅಂದ್ರೆ ನನಗೇನು ಗೊತ್ತಾಗತ್ತೆ? ಏಳ್ಬೇಡ ಕಣೇ, ಇಲ್ಲೇ ಇದ್ದುಬಿಡೋಣ, ಮನೆಗೆ ಹೋಗೋದೇ ಬೇಡ!"

ಗುಂಡುಪಿನ್ನಿಗೆ ಆಗ ನಗು ಬಂತು. "ಈಗ ಬಡಿತ ಚೆನ್ನಾಗಿದೆ, ಇವತ್ತು ಮನೆಗೆ ಹೋಗಿ ಮಲಗಿ ಅಮ್ಮ. ಬೆಳಿಗ್ಗೆ ವಾರ್ಡಿಗೆ ಒಂದು ಫೋನ್ ಮಾಡಿ ಬಂದುಬಿಡಿ. ಆ ಟೀಚರ್ ಬಂದ್ರೆ ವಾಪಸ್ ಕಳಿಸ್ತಾರೆ."

ಮನೆ ಬಾಗಿಲಲ್ಲಿ ಸೊಸೆ, "ಡಿಪೋ ಹಾಳಾಗಿ ಹೋಗ್ಲಿ ಅತ್ತೆ" ಎಂದಳು. ಅವಳ ಬಾಯಲ್ಲಿ ಆ ಮಾತು ಬರುತ್ತದೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ನಾನು ಅವಳ ಬೆನ್ನು ತಡವಿದೆ. ಮಗ ಬಾಗಿಲು ತೆರೆದ, ನಮ್ಮ ಮುಖ ನೋಡಿದ, ಒಂದು ಮಾತೂ ಆಡದೆ ಹೋಗಿ ಬ್ಯಾಗು ತುಂಬತೊಡಗಿದ. ಗೆದ್ದೆ ಎಂದು ಬೀಗದ ಗಂಡಸು ಸಿಗುವುದು ಕಷ್ಟ. ಅವನು ನನ್ನ ಮಗ.

ಗುರುವಾರ ಬೆಳಿಗ್ಗೆ ಸೊಸೆ ವಾರ್ಡಿಗೆ ಫೋನು ಹಚ್ಚಿದಳು. ಆ ಕಡೆಯಿಂದ ಬಂದ ಉತ್ತರ ನನಗೂ ಕೇಳಿಸಿತು. "ಗುರುವಾರದವರು ಆಗಲೇ ಬಂದು ಮಲಗಿದಾರಲ್ಲ! ರಾತ್ರಿ ನೋವು ಬಂದವರೆಲ್ಲ ಸೇರಿ ವಾರ್ಡ್ ಫುಲ್ ಆಗಿದೆ. ನಾಳೆ ಫೋನ್ ಮಾಡಿ. ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ."

ಫೋನು ಕಟ್ಟಾಯಿತು. ಯಾರು ಬಂದು ಮಲಗಿದ್ದಾರೆಂದು ಹೇಳಬೇಕೇ? ನಾವೇ ಕೈ ಕುಲುಕಿಸಿ ಕಳಿಸಿದ್ದ ಸಂಗೀತದ ಟೀಚರು. ಪಾಳಿ ಬದಲಾಗುವ ಗಡಿಬಿಡಿಯಲ್ಲಿ ಬಂದು, ಗುರುವಾರ ನನ್ನದು, ಡಾಕ್ಟರಿಗೂ ಗೊತ್ತು ಎಂದಿದ್ದಾಳೆ. ಮನೆಗೆ ಹೊರಡುವ ಅವಸರದಲ್ಲಿದ್ದ ಸಿಸ್ಟರು ಹಾಸಿಗೆ ತೋರಿಸಿ ಹೋಗಿದ್ದಾಳೆ. ಮಾಡಿದ್ದುಣ್ಣೋ ಮಹರಾಯ.

ಸೊಸೆ ಎದ್ದು ಚಪ್ಪಲಿ ಮೆಟ್ಟಿದಳು. "ಅಡ್ಜಸ್ಟ್ ಮಾಡ್ಕೊಳ್ಳಿ ಅಂತೆ" ಎಂದಳು. "ನನಗೆ!"

ವಾರ್ಡಿನ ಬಾಗಿಲಲ್ಲಿ ಹಿರಿಯ ಸಿಸ್ಟರು ಸೊಂಟಕ್ಕೆ ಕೀಗೊಂಚಲು ಸಿಕ್ಕಿಸಿಕೊಂಡು ನಿಂತಿದ್ದರು. ಒಳ್ಳೆಯವರೇ, ಆದರೆ ದಣಿದಿದ್ದರು. ಹಾಸಿಗೆ ಇಲ್ಲ, ಬಂದು ಮಲಗಿದವರನ್ನು ಎಬ್ಬಿಸುವ ಹಾಗಿಲ್ಲ, ಡಾಕ್ಟರು ಆಪರೇಷನ್ ಥಿಯೇಟರಿನಲ್ಲಿದ್ದಾರೆ, ಬರುವುದು ತಡವಾಗುತ್ತದೆ, ನಾಳೆ ಬನ್ನಿ. ಇಷ್ಟನ್ನೂ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದರು.

ಸೊಸೆ ಬಾಗಿಲ ಚೌಕಟ್ಟು ಹಿಡಿದು ನಿಂತಳು. ದನಿ ಏರಿಸಲಿಲ್ಲ. ಡಿಪೋದಲ್ಲಿ ನೂರು ಗಂಡಸರ ನಡುವೆ ಮಾತಾಡಿ ಪಳಗಿದ ದನಿ ಅದು, ಏರಿಸುವ ಅಗತ್ಯವೇ ಇಲ್ಲ.

"ಸಿಸ್ಟರ್, ಅಡ್ಜಸ್ಟ್ ಮಾಡ್ಕೊಳ್ಳಿ ಅನ್ನೋ ಮಾತನ್ನ ನಾನು ದಿನಾ ಜನಕ್ಕೆ ಹೇಳೋಳು. ಅದನ್ನ ಯಾರಿಗೆ ಹೇಳ್ತಾರೆ ಅಂತ ನನಗೆ ಗೊತ್ತು. ಗಲಾಟೆ ಮಾಡದೇ ಹೋಗೋರಿಗೆ ಹೇಳ್ತಾರೆ. ನಾನು ಹೋಗಲ್ಲ. ಈಗಲೇ ನನ್ನ ಬಿ.ಪಿ. ನೋಡಿ. ಮಗುಗೆ ಒಳಗೆ ಊಟ ಸಾಲ್ತಿಲ್ಲ, ಇವತ್ತಿನಿಂದ ಮುಂದಕ್ಕೆ ಹಾಕ್ಬಾರ್ದು ಅಂತ ಡಾಕ್ಟ್ರು ಹೇಳಿದಾರೆ. ತಾರೀಖು ಕೆಡಿಸಿದ್ದು ನಾನೇ. ಅದಕ್ಕೆ ನನ್ನ ಬೈಯಿರಿ, ಎಷ್ಟು ಬೇಕಾದ್ರೂ ಬೈಯಿರಿ. ಮಗುನ ಕಾಯಿಸಬೇಡಿ."

"ಬೈಯೋಕೂ ಪುರುಸೊತ್ತಿಲ್ಲಮ್ಮ ನನಗೆ" ಎಂದರು ಸಿಸ್ಟರು. ಆದರೂ ಕುರ್ಚಿ ಎಳೆದು ಕೂರಿಸಿ ತೋಳಿಗೆ ಪಟ್ಟಿ ಕಟ್ಟಿದರು. ಗಾಳಿ ತುಂಬಿತು, ಇಳಿಯಿತು. ಅವರು ಇನ್ನೊಮ್ಮೆ ತುಂಬಿದರು. ಮುಖದ ದಣಿವು ಹೋಗಿ ಬೇರೇನೋ ಬಂತು. "ಥಿಯೇಟರಿಗೆ ಫೋನ್ ಮಾಡಿ, ಡಾಕ್ಟ್ರಿಗೆ ಹೇಳಿ" ಎಂದು ಒಳಗೆ ಕೂಗಿದರು.

ಇದೆಲ್ಲ ನಡೆಯುವಾಗ ಪರದೆಯ ಆಚೆ ಮಲಗಿದ್ದ ಸಂಗೀತದ ಟೀಚರು ಕೇಳಿಸಿಕೊಳ್ಳುತ್ತಿದ್ದಳು. ಪರದೆ ಸರಿಯಿತು. ಹಸಿರು ಗೌನು ಹಾಕಿಕೊಂಡು, ಮಗುವಿನ ಬಡಿತ ನೋಡಲು ಹೊಟ್ಟೆಗೆ ಕಟ್ಟಿದ್ದ ಪಟ್ಟಿಯನ್ನು ತಾನೇ ಬಿಚ್ಚುತ್ತಾ ಮಂಚದಿಂದ ಇಳಿಯುತ್ತಿದ್ದಳು. ಅವಳಿಗೆ ಇನ್ನೂ ಯಾವ ಮಾತ್ರೆಯನ್ನೂ ಕೊಟ್ಟಿರಲಿಲ್ಲ. ಹಡಗಿನ ಗಂಡ, "ಏ, ನಿನಗೆ ಕೊಟ್ಟಿರೋದು ಕಣೇ..." ಎಂದು ಶುರುಮಾಡಿದ. ಅವಳು ಒಮ್ಮೆ ನೋಡಿದಳು. ಸ್ಕೂಲಿನ ಮಕ್ಕಳು ಆ ನೋಟಕ್ಕೆ ಹೇಗೆ ಬಾಯಿ ಮುಚ್ಚುತ್ತಾರೋ ಹಾಗೇ ಅವನೂ ಮುಚ್ಚಿದ.

"ಬನ್ನಿ, ಹಾಸಿಗೆ ಬೆಚ್ಚಗಿದೆ" ಎಂದಳು ಸೊಸೆಗೆ.

"ನಿಮ್ಮನೆಯವ್ರು ಭಾನುವಾರ..." ಎಂದು ಸೊಸೆ ತಡವರಿಸಿದಳು.

"ಅವ್ರು ಫೋಟೋದಲ್ಲಿ ನೋಡ್ಕೋತಾರೆ. ಮೊದ್ಲು ನೀವು ಮಲಗಿ."

ನಾನು ಅವಳ ಎರಡೂ ಕೈ ಹಿಡಿದುಕೊಂಡು ಕಣ್ಣಿಗೊತ್ತಿಕೊಂಡೆ. ನಾನು ಸುಲಭಕ್ಕೆ ಅಳುವವಳಲ್ಲ. ಅವತ್ತು ಅತ್ತೆ. ಆ ಪುಣ್ಯಾತ್ಗಿತ್ತಿಗೆ ತನ್ನ ಸೋಮವಾರವೇ ಗಂಡುಮಗುವಾಯಿತು, ಗಂಡ ಆಗ ನಡುನೀರಿನಲ್ಲಿದ್ದ. ಈಗಲೂ ಸಿಕ್ಕಾಗೆಲ್ಲ, "ನಿಮ್ಮ ಸೊಸೆ ನನಗೊಂದು ಗುರುವಾರ ಬಾಕಿ ಕೊಡ್ಬೇಕು" ಎಂದು ಕಿಚಾಯಿಸುತ್ತಾಳೆ.

ಮಾತ್ರೆ ಕೊಟ್ಟರು. ಕಾದೆವು. ಏನೂ ಆಗಲಿಲ್ಲ. ಎರಡನೇ ಮಾತ್ರೆ ಕೊಟ್ಟರು. ಸಣ್ಣಗೆ ಸೊಂಟ ಹಿಡಿದಂತಾಯಿತು, ಬಿಟ್ಟಿತು. ಅಕ್ಕಪಕ್ಕದ ಹಾಸಿಗೆಯವರು ತಾವಾಗಿ ನೋವು ತಿಂದು ಹೆತ್ತು ಬೇರೆ ವಾರ್ಡಿಗೆ ಹೋಗುತ್ತಿದ್ದರು, ನಮ್ಮವಳು ಛಾವಣಿ ನೋಡುತ್ತಾ ಮಲಗಿದ್ದಳು. ಕಾಯುವುದು ನನ್ನ ಜಾಯಮಾನಕ್ಕೆ ಒಗ್ಗಿದ್ದಲ್ಲ. ಸಿಸ್ಟರು ಬಂದಾಗಲೆಲ್ಲ ಇನ್ನೊಂದು ಮಾತ್ರೆ ಕೊಡಿ ಎಂದು ಪೀಡಿಸಿದೆ. "ಇದು ಒಗ್ಗರಣೆ ಅಲ್ಲ ಅಜ್ಜಿ, ಮೇಲಿಂದ ಮೇಲೆ ಹಾಕೋಕೆ" ಎಂದರು. ಕ್ಯಾಂಟೀನಿನ ವಿಷಯ ಅವರಿಗೆ ಯಾರು ಹೇಳಿದರೋ! ಮಗನೇ ಇರಬೇಕು. ಸದಾ ಸುಮ್ಮನಿರುವವರು ಬಾಯಿ ಬಿಡುವುದೇ ಇಂಥ ಕಡೆ.

ಶುಕ್ರವಾರ ಬೆಳಿಗ್ಗೆ ಡ್ರಿಪ್ಪು ಹಾಕಿದರು. ಈಗ ನೋವು ನಿಜವಾಗಿ ಬಂತು. ಅದೇ ಹೊತ್ತಿಗೆ ಸೊಸೆಯ ಫೋನೂ ಬಡಿದುಕೊಳ್ಳತೊಡಗಿತು. ಬದಲಿ ಗುಮಾಸ್ತ ಡಿಪೋಕ್ಕೆ ಬಂದು ಕೂತಿದ್ದ, ಹೊಸ ಟೈಮ್‌ಟೇಬಲ್ಲು ಅವನಿಗೆ ತಲೆಬುಡ ಅರ್ಥವಾಗಿರಲಿಲ್ಲ. ಒಂದು ನೋವಿಗೂ ಇನ್ನೊಂದು ನೋವಿಗೂ ನಡುವೆ ಇವಳು ಉತ್ತರ ಹೇಳಿದಳು. ಬೆಳಗಿನ ಮೊದಲ ಬಸ್ಸಿಗೆ ವಯಸ್ಸಾದ ಡ್ರೈವರನ್ನು ಹಾಕಬೇಡಿ, ಅವರಿಗೆ ಮಂಜಿನಲ್ಲಿ ಕಣ್ಣು ಕಾಣಲ್ಲ. ಆ ಇಬ್ಬರು ಕಂಡಕ್ಟರುಗಳನ್ನು ಅಕ್ಕಪಕ್ಕದ ಪಾಳಿಗೆ ಹಾಕಬೇಡಿ, ಅವರು ಷಡ್ಡಕರು, ಮಾತು ಬಿಟ್ಟಿದ್ದಾರೆ. ಹಲ್ಲು ಕಚ್ಚಿಕೊಂಡು ಹೇಳುತ್ತಲೇ ಇದ್ದಳು. ಮತ್ತೆ ಫೋನು ಬಡಿದಾಗ ದೊಡ್ಡ ನೋವು ನಡುನೆತ್ತಿಗೆ ಏರಿತ್ತು. ಇವಳು ಫೋನು ಎತ್ತಿ, "ಅಡ್ಜಸ್ಟ್ ಮಾಡ್ಕೊಳ್ರೀ!" ಎಂದು ಇಡೀ ಮಹಡಿಗೆ ಕೇಳುವ ಹಾಗೆ ಕಿರುಚಿ, ಅದನ್ನು ಆರಿಸಿ ನನ್ನ ಮಡಿಲಿಗೆ ಎಸೆದಳು. ಅಷ್ಟು ನೋವಿನಲ್ಲೂ ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಅಂದಹಾಗೆ, ಭಾನುವಾರ ಬಸ್ಸುಗಳೆಲ್ಲ ಗೇಟು ದಾಟಿದವು. ಒಂದು ಬಸ್ಸಿಗೆ ಇಬ್ಬರು ಡ್ರೈವರುಗಳು ಬಂದು ನಿಂತಿದ್ದರಂತೆ, ಅಷ್ಟೇ.

ನಂತರದ ಹೊತ್ತಿನಲ್ಲಿ ನಗು ಇರಲಿಲ್ಲ. ಹೆರಿಗೆ ಕೋಣೆಗೆ ಒಬ್ಬರನ್ನೇ ಬಿಡುತ್ತಾರೆ. ಮಗ ಒಳಗೆ ಹೋದ. ಸ್ವಲ್ಪ ಹೊತ್ತಿಗೆ ಗೋಡೆ ಹಿಡಿದುಕೊಂಡು ಹೊರಗೆ ಬಂದ, ಮುಖ ಸುಣ್ಣ ಬಳಿದಂತಾಗಿತ್ತು. "ನೀನು ಹೋಗಮ್ಮ" ಎಂದ. ಆ ಒಂದು ಅದಲು ಬದಲಿಗೆ ಡಾಕ್ಟರಮ್ಮ ತಕರಾರು ಮಾಡಲಿಲ್ಲ.

ನಾನು ಒಳಗೆ ಹೋದಾಗ ಯಂತ್ರದ ಸದ್ದು ನಿಧಾನವಾಗುತ್ತಿತ್ತು. ಬುಧವಾರ ಕೇಳಿದ ಆ ಓಟದ ಬಡಿತ ಈಗ ಎಡವುತ್ತಿತ್ತು. ಗುಂಡುಪಿನ್ನು ಯಾರ ಮುಖವನ್ನೂ ನೋಡದೆ, "ಎಡಕ್ಕೆ ಹೊರಳಿಸಿ. ಡ್ರಿಪ್ ನಿಲ್ಸಿ. ಥಿಯೇಟರ್ ರೆಡಿ ಇಟ್ಟಿರಿ" ಎಂದರು. ಯಾರೂ ಓಡಲಿಲ್ಲ, ಎಲ್ಲರ ಕೈಯೂ ಓಡಿತು. ಸೊಸೆ ನನ್ನ ಮಣಿಕಟ್ಟು ಹಿಡಿದಿದ್ದಳು, ಉಗುರು ಇಳಿದಿತ್ತು.

"ಅತ್ತೆ, ನಾನು ತಗೊಂಡ ಸೋಮವಾರ..." ಎಂದಳು.

"ಬಾಯಿ ಮುಚ್ಚು. ಇವತ್ತು ಶುಕ್ರವಾರ, ನೀನು ಇಲ್ಲಿದೀಯ. ಅಷ್ಟು ನೆನಪಿಟ್ಕೋ" ಎಂದೆ. ಧೈರ್ಯ ಅವಳಿಗೆ ಹೇಳಿದ್ದು. ನನ್ನೊಳಗೆ ಧೈರ್ಯದ ಚೂರೂ ಇರಲಿಲ್ಲ. ನಾನು ಹೊರಗೆ ಅವಳ ತಲೆ ನೇವರಿಸುತ್ತಾ ಒಳಗೆ ಆ ಬಡಿತಕ್ಕೆ ಹೇಳುತ್ತಿದ್ದೆ: ಬಾ, ನಿನ್ನ ಅಜ್ಜಿ ಎಂಥೆಂಥವರ ಹೊಟ್ಟೆ ತುಂಬಿಸಿದ್ದಾಳೆ, ನಿನ್ನದು ತುಂಬಿಸುವುದಿಲ್ಲವೇ? ಒಮ್ಮೆ ಬಾ.

ಬಡಿತ ಹತ್ತಿತು. ಮತ್ತೆ ಓಡತೊಡಗಿತು. ಡಾಕ್ಟರಮ್ಮ ಒಂದು ಉಸಿರು ಬಿಟ್ಟು, ಪರೀಕ್ಷೆ ಮಾಡಿ, ತಲೆಯೆತ್ತಿದರು. "ಥಿಯೇಟರ್ ಇರ್ಲಿ ಬಿಡಿ. ಗರ್ಭದ ಬಾಯಿ ಪೂರ್ತಿ ತೆರೆದಿದೆ. ಈ ಹುಡುಗಿ ಇಲ್ಲೇ ಹೆರ್ತಾಳೆ. ಮುಕ್ಕಮ್ಮ!"

ಮುಕ್ಕಿದಳು ನೋಡ್ರೀ ನನ್ನ ಸೊಸೆ! ಹನ್ನೆರಡು ವರ್ಷ ಆ ಡಿಪೋದ ಗದ್ದಲವನ್ನು ಅದುಮಿಟ್ಟ ಜೀವ ತನ್ನೆಲ್ಲ ಬಲ ಹಾಕಿ ಮುಕ್ಕಿತು. ಕುತ್ತಿಗೆಯ ನರ ಉಬ್ಬಿ, ಮುಖ ಕೆಂಪಾಗಿ, ನನ್ನ ಕೈ ಮುರಿಯುವುದೊಂದು ಬಾಕಿ. ಕೊನೆಗೆ ಕೂಗಿದ್ದು ಅವಳೋ ನಾನೋ ಗೊತ್ತಿಲ್ಲ. ಅದರ ಮೇಲೆ ಇನ್ನೊಂದು ಕೂಗು ಕೇಳಿತು. ಸಣ್ಣದು, ಒರಟು, ಮಹಾ ಸಿಟ್ಟಿನದು.

ಹೆಣ್ಣು. ಪುಟ್ಟದು, ತೊಗಲು ಸಡಿಲ, ಮುಷ್ಟಿ ಬಿಗಿ. ನಮ್ಮ ಮನೆಯ ಸಿಟ್ಟು ಪೂರ್ತಿ ಇಳಿದು ಬಂದಿತ್ತು. ಹೊರಗೆ ಕಾರಿಡಾರಿನಲ್ಲಿ ಮಾತೇ ಆಡದ ನನ್ನ ಮಗ, "ಅತ್ಲಾ? ಅತ್ಲಾ?" ಎಂದು ಬಾಗಿಲು ಬಡಿಯುತ್ತಿದ್ದ. ಗಂಡೋ ಹೆಣ್ಣೋ ಅವನಿಗೆ ಆಗಲೇ ಹೇಗೆ ಗೊತ್ತಾಯಿತೋ, ನಾನು ಇವತ್ತಿನವರೆಗೂ ಕೇಳಿಲ್ಲ.

ಆಮೇಲೆ ಡಾಕ್ಟರಮ್ಮ ನನ್ನನ್ನು ಮೂಲೆಗೆ ಕರೆದು ತಟ್ಟೆಯಲ್ಲಿದ್ದ ಮಾಸನ್ನು ತೋರಿಸಿದರು. ಕೆಂಪಗಿರಬೇಕಾದ ಕಡೆ ಅಲ್ಲಲ್ಲಿ ಬೂದು ಬಣ್ಣಕ್ಕೆ ತಿರುಗಿ, ಗಟ್ಟಿಯಾಗಿ ಹೆಪ್ಪುಗಟ್ಟಿತ್ತು. ಗ್ಲೌಸಿನ ಬೆರಳಿನಿಂದ ಒತ್ತಿ ತೋರಿಸಿದರು. "ಇಷ್ಟೇ ಉಳಿದಿತ್ತು ಅಮ್ಮ ಕೆಲಸ ಮಾಡೋ ಭಾಗ. ಇದು ಸೋಮವಾರದ ತನಕ..." ಎಂದು ನಿಲ್ಲಿಸಿದರು. ನಾನೂ ಮುಂದೆ ಕೇಳಲಿಲ್ಲ. ಅವರ ಕೈಗೆ ರಕ್ತ ಅಂಟಿದೆ ಎನ್ನುವುದನ್ನೂ ಲೆಕ್ಕಿಸದೆ ತಬ್ಬಿಕೊಂಡೆ. ಗುಂಡುಪಿನ್ನು ನನ್ನ ಭುಜದವರೆಗೂ ಬರುವುದಿಲ್ಲ. ಅಷ್ಟು ಚಿಕ್ಕ ಹೆಂಗಸು ಅಷ್ಟು ದೊಡ್ಡ ಕೆಲಸ ಮಾಡಿದ್ದಳು.

ಇನ್ನೂ ಒಂದು ಉಳಿದಿತ್ತು. ಮಕ್ಕಳ ಡಾಕ್ಟರು ಬಂದು ಮಗುವನ್ನು ತೂಗಿ ತುಟಿ ಕಚ್ಚಿದರು. ತೂಕ ಕಮ್ಮಿ, ಮೈಯಲ್ಲಿ ದಾಸ್ತಾನಿಲ್ಲ. "ತಾನೇ ಹಾಲು ಎಳೆದು ಕುಡಿದ್ರೆ ಅಮ್ಮನ ಹತ್ರನೇ ಇರ್ಲಿ. ಕುಡೀದಿದ್ರೆ ಈಗಲೇ ಶಿಶು ವಾರ್ಡಿಗೆ ತಗೊಂಡು ಹೋಗಿ ನಳಿಕೆಯಲ್ಲಿ ಕೊಡ್ಬೇಕಾಗತ್ತೆ" ಎಂದರು.

ಸೊಸೆ ಒರಗಿ ಕೂತಳು. ಸಿಸ್ಟರು ಮಗುವನ್ನು ಅವಳ ಎದೆಗೆ ಹಿಡಿದರು. ಮಗು ಬಾಯಿ ತೆರೆಯಿತು, ಜಾರಿತು. ಮತ್ತೆ ಹಿಡಿದರು, ಮತ್ತೆ ಜಾರಿತು, ಅತ್ತಿತು. ಅಷ್ಟರಲ್ಲಿ ಕೋಣೆ ಸಂತೆಯಾಗಿತ್ತು. ಮಗ ಒಳಗೆ ನುಗ್ಗಿ ಫೋನಿನಲ್ಲಿ ಯಾರಿಗೋ ಜೋರಾಗಿ ಹೇಳುತ್ತಿದ್ದ. ಬಾಗಿಲಲ್ಲಿ ಡಿಪೋದ ಇಬ್ಬರು ಡ್ರೈವರುಗಳು ಖಾಕಿಯಲ್ಲೇ ನಿಂತು, "ಕತ್ತರಿಗೆ ಮಗು ಆಯ್ತಂತೆ" ಎಂದು ಪಿಸುಗುಡುವ ಬದಲು ಕೂಗುತ್ತಿದ್ದರು. ಮಕ್ಕಳ ಡಾಕ್ಟರು ಗಡಿಯಾರ ನೋಡಿದರು. ಸೊಸೆ ನನ್ನ ಮುಖ ನೋಡಿದಳು. ಅವಳ ಕಣ್ಣಿನಲ್ಲಿದ್ದ ಭಯ ನನಗೆ ತಡೆಯಲಾಗಲಿಲ್ಲ.

ನಾನು ಹೋಗಿ ಅವಳ ಬೆನ್ನಿಗೆ ನನ್ನ ಮೈ ಆನಿಸಿ ಕೂತೆ. "ಅವಸರ ಮಾಡ್ಬೇಡ. ಹಸಿದೋರಿಗೆ ತುತ್ತು ಕಾಣೋಕೆ ಸ್ವಲ್ಪ ಹೊತ್ತು ಬೇಕು" ಎಂದೆ. ಸೊಸೆ ಒಂದು ಹನಿ ಹಿಂಡಿ ಆ ಪುಟ್ಟ ತುಟಿಗೆ ಸವರಿದಳು. ಮಗು ಅಳು ನಿಲ್ಲಿಸಿತು. ನಾಲಿಗೆ ಚಾಚಿ ನೆಕ್ಕಿತು. ಮೂಗನ್ನು ಅತ್ತಿತ್ತ ಆಡಿಸಿತು, ಹುಡುಕಿತು, ಬಾಯಿ ಅಗಲಿಸಿತು, ಕಚ್ಚಿ ಹಿಡಿಯಿತು.

ಎಳೆಯಿತು. ಮತ್ತೆ ಎಳೆಯಿತು. ಗಂಟಲಿನಲ್ಲಿ ಗುಟುಕು ಇಳಿಯುವ ಸದ್ದು ನನಗೆ ಕೇಳಬೇಕಿತ್ತು. ಈ ಗದ್ದಲದಲ್ಲಿ ಎಲ್ಲಿ ಕೇಳಬೇಕು? ನಾನು ತಿರುಗಿ, ಕ್ಯಾಂಟೀನು ಬಿಟ್ಟ ಮೇಲೆ ಒಮ್ಮೆಯೂ ಎತ್ತದ ದನಿ ಎತ್ತಿ, ಡ್ರೈವರು, ಸಿಸ್ಟರು, ಡಾಕ್ಟರು, ನನ್ನ ಮಗ, ಎಲ್ಲರನ್ನೂ ಸೇರಿಸಿ ಗದರಿದೆ.

"ಸುಮ್ನಿರ್ರೀ ಎಲ್ಲಾ! ನನ್ನ ಮೊಮ್ಮಗಳು ಊಟ ಮಾಡ್ತಿದಾಳೆ."